ಹೆಣ್ಣುಮಕ್ಕಳಿಗೆ ಬಾರದ ರೋಗ

ಆ ಕಾಲಕ್ಕೆ ನಮ್ಮ ಮನೆಯ ಹೊಸ್ತಿಲು ಕೂಡ ಅಂಗಿ ತೊಟ್ಟುಕೊಂಡಿತ್ತು. ನಗಬೇಡಿ, ನಿಜ ಹೇಳುತ್ತಿದ್ದೇನೆ. ಕಕ್ಕೇರಾದ ನಮ್ಮ ಮನೆಯದು ಕಲ್ಲಿನ ಹೊಸ್ತಿಲು, ಅಂಚು ಚೂಪು. ಅಪ್ಪ ಅದಕ್ಕೆ ಗೋಣಿಚೀಲ ಸುತ್ತಿ ಹುರಿಯಿಂದ ಬಿಗಿದಿದ್ದ. ಮಂಚದ ಕಾಲುಗಳಿಗೆ ಹಳೆ ಸೀರೆಯ ಚಿಂದಿ, ಬೀಸುವ ಕಲ್ಲಿನ ಅಂಚಿಗೆ ಹರಿದ ಕೌದಿ. ಕತ್ತರಿ, ಕುಡಗೋಲು, ಅಪ್ಪನ ದಾಡಿ ಬ್ಲೇಡು ಎಲ್ಲವೂ ನಮ್ಮ ಕೈಗೆ ಎಟುಕದ ಗೂಡಿನಲ್ಲಿ. ಓಣಿಯವರು ನಮ್ಮ ಮನೆಗೆ ‘ಮೆತ್ತನ ಮನಿ’ ಅಂತ ಹೆಸರಿಟ್ಟಿದ್ದರು. ಹುಟ್ಟಿದ ಮನೆ ಅಂದಕೂಡಲೇ ನಿಮಗೆ ಯಾವ ಯಾವುದೋ ವಾಸನೆ ನೆನಪಾಗಬಹುದು. ನನಗೆ ಮೊದಲು ನೆನಪಾಗುವುದು ಗೋಣಿಚೀಲದ ವಾಸನೆ, ಆಮೇಲೆ ಅಪ್ಪನ ಗಿರಣಿಯ ಜೋಳದ ಹಿಟ್ಟಿನದು.

ಇದೆಲ್ಲ ನಮ್ಮಣ್ಣ ಮೌನೇಶನ ಸಲುವಾಗಿ. ತಿಂಥಣಿ ಮೌನೇಶ್ವರನಿಗೆ ಹರಕೆ ಹೊತ್ತು ಪಡೆದ ಮಗ, ಅದಕ್ಕೇ ಆ ಹೆಸರು. ಮನೆಯಲ್ಲಿ ಎಲ್ಲರಿಗೂ ಅವನು ಮೋನ್ಯಾ. ನನಗಿಂತ ಒಂದು ವರ್ಷಕ್ಕೆ ದೊಡ್ಡವನು. ಅವನಿಗೆ ಒಂದು ಗೀರು ಬಿದ್ದರೆ ರಕ್ತ ನಿಲ್ಲುತ್ತಿರಲಿಲ್ಲ. ಎಡವಿ ಬಿದ್ದರೆ ಚರ್ಮ ಹರಿಯದೆಯೇ ಒಳಗೊಳಗೆ ರಕ್ತ ತುಂಬಿ, ಮೊಣಕಾಲು ಬಾತು, ಮೂರು ಓಣಿಯಾಚೆ ಕೇಳುವಂತೆ ಚೀರುತ್ತಿದ್ದ. ಕಲಬುರಗಿಯ ದವಾಖಾನೆಯಲ್ಲಿ ಒಬ್ಬ ಡಾಕ್ಟರು ಇದಕ್ಕೆ ಹಿಮೋಫಿಲಿಯಾ ಅಂತಾರೆ, ರಕ್ತ ಹೆಪ್ಪುಗಟ್ಟುವ ಗುಣ ಇವನ ಮೈಯಲ್ಲಿಲ್ಲ ಎಂದು ತಿಳಿಸಿ, ಮುಂದೆ ಇಷ್ಟು ಹೇಳಿದ್ದರಂತೆ: “ಇದು ಗಂಡಸ್ರಿಗೆ ಬರೋ ರೋಗ. ಹೆಣ್ಣುಮಕ್ಕಳಿಗೆ ಬರಂಗಿಲ್ಲ. ಆದ್ರ ತಾಯಿ ಕಡಿಯಿಂದ ಬರ್ತದ.”

ಆ ಮಾತನ್ನು ನಮ್ಮ ಮನೆಯವರು ಪಾಲು ಮಾಡಿಕೊಂಡರು. ಕೊನೆಯ ಪಾಲನ್ನು ಅಪ್ಪನ ತಾಯಿ, ನಮ್ಮ ಆಯಿ, ತೆಗೆದುಕೊಂಡಳು. ಸಿಟ್ಟು ಬಂದಾಗಲೆಲ್ಲ, “ನಿನ್ನ ತವರುಮನಿ ಬಳುವಳಿ ನೋಡವ್ವಾ ಇದು” ಅಂತ ಅವ್ವನ ಮುಖಕ್ಕೇ ಅನ್ನುತ್ತಿದ್ದಳು. ಅವ್ವನ ತಮ್ಮನೊಬ್ಬ ಹುಡುಗನಿದ್ದಾಗಲೇ ಹಲ್ಲು ಕಿತ್ತು ರಕ್ತ ನಿಲ್ಲದೆ ಸತ್ತಿದ್ದ, ಹಾಗಾಗಿ ಅವ್ವ ಎದುರಾಡುವಂತಿರಲಿಲ್ಲ. ಅವ್ವ ನಡುವಿನ ಪಾಲನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಹೆಣ್ಣುಮಕ್ಕಳಿಗೆ ಬರುವುದಿಲ್ಲ, ನನ್ನ ಎರಡು ಹೆಣ್ಣಾದರೂ ಉಳಿದವು. ದೇವರ ಮುಂದೆ ದೀಪ ಹಚ್ಚುವಾಗ ಅವಳು ಅದನ್ನೇ ಬಾಯಲ್ಲಿ ಅಂದುಕೊಳ್ಳುವುದು ನಾನೇ ಕೇಳಿದ್ದೇನೆ.

ಆ ಎರಡು ಹೆಣ್ಣಿನಲ್ಲಿ ನಾನು ಸಣ್ಣಾಕೆ ನೀಲಿ. ದೊಡ್ಡಾಕೆ ಶರಣಮ್ಮ, ನಮ್ಮಕ್ಕ.

ಅಕ್ಕನ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಅವಳ ಸೊಂಟ ಕಣ್ಣಿಗೆ ಬರುತ್ತದೆ. ಎಡ ಸೊಂಟದ ಮೇಲೆ ಕೊಡ, ಅದು ಇಳಿದ ಮೇಲೆ ಮೋನ್ಯಾ. ಅಷ್ಟು ದೊಡ್ಡ ಹುಡುಗನನ್ನು ಅವಳು ಸಾಲಿಗೆ ಹೊತ್ತುಕೊಂಡೇ ಹೋಗುತ್ತಿದ್ದಳು, ದಾರಿಯಲ್ಲಿ ಕಲ್ಲು ತಾಗಬಾರದಲ್ಲ. ಅವನು ಕಾಲು ಜೋಲಾಡಿಸುತ್ತ, “ಅಕ್ಕಾ, ಜಲ್ದಿ ನಡಿ, ಗಂಟಿ ಹೊಡಿತದ” ಅಂತ ಎತ್ತು ಹೊಡೆದಂತೆ ಹೊಡೆಯುತ್ತಿದ್ದ. ಕೊಡದ ಕಂಠ ತಾಗಿದಲ್ಲಿ, ಅವನ ಮೊಣಕಾಲು ಒತ್ತಿದಲ್ಲಿ, ಅಕ್ಕನ ಮೈ ನೀಲಿಗಟ್ಟಿರುತ್ತಿತ್ತು. ಕುಂಟಾಟ ಆಡಿ ಬಂದರೆ ಮೀನಖಂಡದ ಮೇಲೆ ನೇರಳೆ ಬಣ್ಣದ ಕಲೆ. ಬೇಸಿಗೆಯಲ್ಲಿ ಮೂಗಿನಿಂದ ರಕ್ತ ಇಳಿದರೆ ಒಂದು ಹೊತ್ತು ಪೂರ್ತಿ ತಲೆ ಮೇಲೆತ್ತಿಕೊಂಡು ಕೂಡಬೇಕಾಗುತ್ತಿತ್ತು.

ನಾನು ಒಮ್ಮೆ ಕೇಳಿದ್ದೆ, “ಅವ್ವಾ, ಅಕ್ಕನ ಮೈಮ್ಯಾಲೂ ಮೋನ್ಯಾನಂಗ ಕಲಿ ಅದಾವಲ್ಲ?”

“ಕೆಲಸ ಮಾಡೋ ಹುಡುಗಿ ಮೈಮ್ಯಾಗ ಕಲಿ ಇರದ ಏನಿರ್ತಾವ? ನಿನ್ನಂಗ ಕೂತು ತಿಂದ್ರ ಬೆಳ್ಳಗ ಇರ್ತಾವ,” ಅಂದಳು ಅವ್ವ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುವ ಮಾತು ನಮ್ಮ ಮನೆಗೆ ಒಪ್ಪುವುದಿಲ್ಲ. ಅಕ್ಕನ ಮೇಲೆ ಎಲ್ಲರಿಗೂ ಜೀವ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಚ್ಚಿ ಆಯಿ ಮೊದಲು ಕರೆಯುತ್ತಿದ್ದದ್ದು ಅವಳನ್ನೇ. ಪ್ರೀತಿ ಕಡಿಮೆಯಾಗಿ ಅವಳು ಸತ್ತಿದ್ದರೆ ನಾನು ಯಾರನ್ನಾದರೂ ಬಯ್ದು ಹಗುರಾಗುತ್ತಿದ್ದೆ.

ಆ ಬೇಸಿಗೆಯ ರಜೆ ಶುರುವಾಗಿತ್ತು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಕಾಗೆ ಕೂಡ ನೆರಳು ಹುಡುಕಿಕೊಂಡು ನಡೆದೇ ಹೋಗುತ್ತದೆ. ನಾವು ಪಡಸಾಲೆಯಲ್ಲಿ ಸುಣ್ಣದ ಕಡ್ಡಿಯಿಂದ ಮನೆ ಬರೆದು ಹುಣಸೆಬೀಜದ ಚೌಕಾಬಾರ ಆಡುತ್ತಿದ್ದೆವು. ಒಂದು ಮಧ್ಯಾಹ್ನ ಅಕ್ಕ ಆಟದ ನಡುವೆ ಎದ್ದಳು, ಲಂಗದ ಹಿಂದೆ ನೋಡಿಕೊಂಡಳು, ನನ್ನ ಕೈಗೆ ಬೀಜ ಕೊಟ್ಟು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಅವ್ವ ಅಳುತ್ತ ನಗುತ್ತ ಒಳಗೆ ಬಂದು ಆಯಿಯ ಕಿವಿಯಲ್ಲಿ ಏನೋ ಅಂದಳು. ಆಯಿ ಓಣಿಗೆಲ್ಲ ಕೇಳುವಂತೆ ಕೂಗಿದಳು: “ಶರಣಿ ದೊಡ್ಡಾಕಿ ಆಗ್ಯಾಳ್ರೇ!”

ಪಡಸಾಲೆಯ ಮೂಲೆಯಲ್ಲಿ ಅಕ್ಕನಿಗೆ ಹೊಸ ಚಾಪೆ ಹಾಸಿದರು. ಬಳೆಗಾರನನ್ನು ಕರೆಸಿ ಎರಡೂ ಕೈತುಂಬ ಹಸಿರು ಬಳೆ ಇಡಿಸಿದರು. ಅರಿಶಿಣ ಎಣ್ಣೆ ಹಚ್ಚಿ ನೀರು ಹಾಕಿದರು. ಅದಾದ ಮೇಲೆ ಅವಳು ಯಾರನ್ನೂ ಮುಟ್ಟುವಂತಿಲ್ಲ, ಯಾರೂ ಅವಳನ್ನು ಮುಟ್ಟುವಂತಿಲ್ಲ. ಸಂಜೆ ಓಣಿಯ ಹೆಂಗಸರೆಲ್ಲ ಬಂದು ಅವಳನ್ನು ಕೂಡಿಸಿ, ಆರತಿ ಮಾಡಿ, ಹಾಡು ಹೇಳಿ, ಉಡಿಯಲ್ಲಿ ಚಿಗಳಿ ಹಾಕಿ ಹೋಗುತ್ತಿದ್ದರು.

ಚಿಗಳಿ ಅಂದರೆ ಹುರಿದ ಎಳ್ಳು, ಬೆಲ್ಲ ಸೇರಿಸಿ ಒರಳಲ್ಲಿ ಕುಟ್ಟಿ, ಎಣ್ಣೆ ಬಿಡುವ ತನಕ ಕುಟ್ಟಿ, ಕಟ್ಟಿದ ಉಂಡೆ. ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಚಿಗಳಿ ಬೇಕೇ ಬೇಕು. ಎಳ್ಳು ಬೆಲ್ಲ ಮೈಗೆ ಕಾವು, ತಿಂದಷ್ಟೂ ಒಳಗಿನ ಕೆಟ್ಟ ರಕ್ತ ಇಳಿದು ಹೋಗಿ ಹೊಟ್ಟೆ ಹಸನಾಗುತ್ತದೆ, ಮುಂದೆ ಬಸಿರು ನಿಲ್ಲುತ್ತದೆ ಅಂತ ನಂಬಿಕೆ. ಇಡೀ ಮನೆ ಹುರಿದ ಎಳ್ಳಿನ ವಾಸನೆ. ಆಯಿ ಸೊಂಟ ನೋವನ್ನೂ ಮರೆತು ತಾನೇ ಒನಕೆ ಹಿಡಿದಳು.

ಮೊದಲ ದಿನಗಳಲ್ಲಿ ಅಕ್ಕನಿಗಂತೂ ಖುಷಿಯೋ ಖುಷಿ. ನೀರು ತರುವಂತಿಲ್ಲ, ಕಸ ಹೊಡೆಯುವಂತಿಲ್ಲ, ಮೋನ್ಯಾನನ್ನು ಹೊರುವಂತಿಲ್ಲ. ಬಳೆ ಗಲಗಲ ಮಾಡುತ್ತ, “ನೀಲಿ, ನನ್ನ ಪರವಾಗಿ ನೀ ಕಾಯಿ ನಡಸು” ಅಂತ ಅಷ್ಟು ದೂರದಿಂದಲೇ ಚೌಕಾಬಾರ ಆಡಿಸಿ ನನ್ನನ್ನೇ ಸೋಲಿಸುತ್ತಿದ್ದಳು. ಬಾಯಿ ತುಂಬ ಚಿಗಳಿ. “ದೊಡ್ಡಾಕಿ ಆಗೋದಂದ್ರ ಇದ ಏನವ್ವಾ? ಮೊದ್ಲ ಹೇಳಿದ್ರ ಹೋದ ವರ್ಷನ ಆಗ್ತಿದ್ದೆ,” ಅಂದಳು. ಹೆಂಗಸರೆಲ್ಲ ನಕ್ಕರು. ಅವಳ ತಲೆಯಲ್ಲಿ ದುಂಡುಮಲ್ಲಿಗೆ. ಆ ಸಂಜೆಯಷ್ಟು ಚೆಲುವಾಗಿ ಅವಳು ಯಾವತ್ತೂ ಕಂಡಿರಲಿಲ್ಲ.

ಆದರೆ ನಿಲ್ಲಬೇಕಾದದ್ದು ನಿಲ್ಲಲಿಲ್ಲ. ಅರಿವೆ ಒಗೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಗಂಡಸರ ಕಣ್ಣಿಗೆ ಬೀಳದಂತೆ ಹಿತ್ತಲ ಬೇವಿನ ಗಿಡದ ಹಿಂದೆ ಕೂತು ಒಗೆಯುತ್ತಿದ್ದೆ. ದಿನ ಹೋದಂತೆ ಅರಿವೆ ಕಡಿಮೆಯಾಗುವ ಬದಲು ಹೆಚ್ಚಾದವು. ಹಳೆ ಸೀರೆ ಮುಗಿದು ಅಪ್ಪನ ಹಳೆ ಧೋತರ ಹರಿದರು.

ಅವ್ವನಿಗೆ ಹೇಳಿದೆ. ಅವ್ವ ನನ್ನ ತಲೆ ಸವರಿ ಅಂದದ್ದು ಇಷ್ಟು: “ನಮ್ಮ ಮನ್ಯಾಗ ಎಲ್ಲಾ ಹೆಣ್ಮಕ್ಕಳಿಗೂ ಹಿಂಗ ಆಗ್ತದ ಮಗಳ. ನಮ್ಮವ್ವಗ ಹಿಂಗ ಆಗ್ತಿತ್ತು. ನನಗೂ ಹಿಂಗ. ನಾ ಸತ್ತೀನೇನು?”

ನಿಜ, ಅವ್ವನಿಗೂ ಹಾಗೇ. ತಿಂಗಳಿಗೊಮ್ಮೆ ಅವಳು ಗೋಡೆ ಹಿಡಿದು ನಡೆಯುವುದನ್ನು, ರೊಟ್ಟಿ ಬಡಿಯುತ್ತ ಬಡಿಯುತ್ತ ಕಣ್ಣು ಮುಚ್ಚುವುದನ್ನು ನಾವು ಕಂಡಿದ್ದೆವು. ತಾಯಿಗೆ ಆದದ್ದು, ಅಜ್ಜಿಗೆ ಆದದ್ದು, ಅಂದಮೇಲೆ ಎಲ್ಲ ಹೆಂಗಸರಿಗೂ ಹೀಗೇ ಇರಬೇಕು ಅಂತ ಅವಳ ಲೆಕ್ಕ. ಮೂರು ತಲೆಮಾರಿನ ಹೆಂಗಸರು ತಮ್ಮ ರೋಗವನ್ನು ಹೆಣ್ತನ ಅಂತ ತಿಳಿದು ಬದುಕಿದ್ದರು. ನನಗೆ ಈಗಲೂ ಸಿಟ್ಟು ಉಕ್ಕುವುದು ಇಲ್ಲಿಯೇ.

ಆಯಿಯಂತೂ ಹಿಗ್ಗಿದ್ದಳು. “ಹೋಗ್ಲಿ ಬಿಡು, ಕೆಟ್ಟ ರಗತ ಎಲ್ಲಾ ಹೋಗ್ಲಿ. ಹಿಂಗ ಹೋದಾಕಿ ಹೊಟ್ಟಿಗೆ ಹುಲಿಯಂಥ ಮಕ್ಕಳು ಹುಟ್ತಾವ,” ಅನ್ನುತ್ತ ಮತ್ತೊಂದು ಸೇರು ಎಳ್ಳು ಹುರಿಯಲು ಇಟ್ಟಳು. ಯೋಚನೆ ಮಾಡಿ. ಅದೇ ಒಲೆಯ ಪಕ್ಕದ ಗೂಡಿನಲ್ಲಿ ಮೋನ್ಯಾನ ತಗಡಿನ ಡಬ್ಬಿ ಇತ್ತು. ಅದರಲ್ಲಿ ಹತ್ತಿ, ಪಟ್ಟಿ, ಕ್ಷೌರದವರು ಗಾಯಕ್ಕೆ ತಿಕ್ಕುವ ಪಟಿಕದ ಹರಳು. ಅವನ ಬೆರಳಿನಿಂದ ಒಂದು ಹನಿ ಇಳಿದರೆ ಅಪ್ಪ ಗಿರಣಿ ಬಂದ್ ಮಾಡಿ ಐಸಿನ ಗಡ್ಡೆ ತರಲು ಓಡುತ್ತಿದ್ದ. ಒಬ್ಬನ ರಕ್ತ ನಿಲ್ಲಿಸುವುದಕ್ಕೆ ಇಷ್ಟೆಲ್ಲ ಮಾಡುವ ಮನೆಯಲ್ಲಿ ಇನ್ನೊಬ್ಬಳ ರಕ್ತ ಇಳಿಯಲಿ ಅಂತ ಎಳ್ಳು ಕುಟ್ಟುತ್ತಿದ್ದರು. ಎರಡೂ ಒಂದೇ ರಕ್ತ ಅಂತ ಯಾರಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಮೋನ್ಯಾ ಬಿದ್ದ. ಬಿದ್ದದ್ದಾದರೂ ಯಾವುದಕ್ಕೆ ಎಡವಿ? ಹೊಸ್ತಿಲಿಗೆ ಸುತ್ತಿದ್ದ ಗೋಣಿಚೀಲದ ಹುರಿ ಸಡಿಲಾಗಿತ್ತು, ಅದಕ್ಕೇ ಕಾಲು ಸಿಕ್ಕಿತು. ಅಕ್ಕನ ಚಾಪೆಗೆ ಒಂದೇ ಮಾರು ದೂರದಲ್ಲಿ ಅವನು ವಾಲಿದ. ಹುಟ್ಟಿದಾಗಿನಿಂದ ಅವನನ್ನು ಹಿಡಿದ ಕೈ, ತನ್ನಷ್ಟಕ್ಕೆ ತಾನೇ ಮುಂದೆ ಬಂತು.

“ಮುಟ್ಟಬ್ಯಾಡ!” ಅಂತ ಆಯಿ ಚೀರಿದಳು.

ಅಕ್ಕನ ಕೈ ಅಲ್ಲೇ ನಿಂತಿತು. ಮೋನ್ಯಾ ಮೊಣಕಾಲೂರಿ ಬಿದ್ದ.

ಸಂಜೆಯೊಳಗೆ ಅವನ ಮೊಣಕಾಲು ಬಿಗಿದು ಹೊಳೆಯತೊಡಗಿತು. ಊರಲ್ಲಿ ಇದ್ದದ್ದು ಒಂದೇ ಬಾಡಿಗೆ ಜೀಪು. ಅಪ್ಪ ಅದನ್ನು ತಂದ. ಮಗನನ್ನು ಕೌದಿಯಲ್ಲಿ ಸುತ್ತಿ ಮಲಗಿಸಿದರು. ಅವ್ವ ಹತ್ತುವ ಮುಂಚೆ ಮೂಲೆಯ ಹತ್ತಿರ ಬಂದು, ಮುಟ್ಟದೆ, ಕೂತು ಹೇಳಿದಳು, “ಶರಣಿ, ತಮ್ಮನ್ನ ತೋರಿಸ್ಕೊಂಡು ಬರ್ತೀವಿ. ಫಿಕರ್ ಮಾಡಬ್ಯಾಡ. ಆಯಿ ಹೇಳ್ದಂಗ ಕೇಳು. ಹೊಟ್ಟಿತುಂಬ ಉಣ್ಣು.”

“ಅವ್ವಾ, ನನಗ ನಿಂತ್ರ ಕತ್ತಲಿ ಬರ್ತದ,” ಅಂದಳು ಅಕ್ಕ.

“ಬಿಸಲಿಗೆ ಹಂಗ ಆಗ್ತದ,” ಅಂದಳು ಅವ್ವ. ಜೀಪಿನಿಂದ ಮೋನ್ಯಾ ಕೂಗುತ್ತಿದ್ದ. ಅವ್ವ ಓಡಿದಳು.

ಕಲಬುರಗಿಯಲ್ಲಿ ಅವನಿಗೆ ರಕ್ತದ ತಿಳಿ, ಅಂದರೆ ಪ್ಲಾಸ್ಮಾ, ಏರಿಸಬೇಕು, ಅದು ಸಿಗಲು ದಿನಗಟ್ಟಲೆ ಕಾಯಬೇಕು. ಹಾಗಾಗಿ ಅವರು ಬೇಗ ಬರಲಿಲ್ಲ. ಮನೆಯಲ್ಲಿ ಆಯಿ, ಅಕ್ಕ, ನಾನು. ಅಕ್ಕನ ತುಟಿ ಮೊದಲು ಬಿಳಿಚಿತು, ಆಮೇಲೆ ಉಗುರು. ಕೈ ಸಣ್ಣಗಾಗಿ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಚೌಕಾಬಾರ ಬೇಡ ಅಂದಳು. ಚಿಗಳಿ ಬಾಯಿಗಿಟ್ಟರೆ ಉಗುಳಿದಳು. ಪುಂಡಿಪಲ್ಯ ಅಂದರೆ ಪ್ರಾಣ ಬಿಡುತ್ತಿದ್ದ ಹುಡುಗಿ, ತಾಟನ್ನು ದೂರ ಸರಿಸಿ ಬರೀ ನೀರು ಕೇಳಿದಳು.

ಒಂದು ಮುಂಜಾನೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದಳು. “ನೀಲಿ, ಮೋನ್ಯಾನ ಡಬ್ಬಿ ತಾ.”

“ಯಾಕ? ಅದು ಅವಂದು. ಬೈತಾರ.”

“ನನಗೂ ಮೋನ್ಯಾನ ರೋಗನ ಬಂದದ. ಇದು ಬ್ಯಾರೆ ಅಲ್ಲ ನೀಲಿ. ನಾ ಅವನ ರಗತ ಎಷ್ಟು ಸಲ ಒರಸೀನಿ, ನನಗ ಗೊತ್ತಾಗಂಗಿಲ್ಲೇನು? ಅದೂ ಹಿಂಗ, ನೀರನಂಗ, ಗಡ್ಡಿ ಆಗಂಗಿಲ್ಲ.”

ನಾನು ಡಬ್ಬಿ ಇಳಿಸುವುದನ್ನು ಆಯಿ ಕಂಡಳು. ಕೇಳಿದಳು, ಹೇಳಿದೆ. ಆಯಿಗೆ ನಗು ಬಂತು. ಪ್ರೀತಿಯ ನಗುವೇ. “ಹುಚ್ಚಿ! ಅಷ್ಟು ದೊಡ್ಡ ಡಾಕ್ಟರ ಹೇಳ್ಯಾನ, ಹೆಣ್ಮಕ್ಕಳಿಗೆ ಆ ರೋಗ ಬರಂಗಿಲ್ಲಂತ. ನೀ ಡಾಕ್ಟರಕಿಂತ ಶಾಣ್ಯಾಳೇನು?” ಅಂದು ಡಬ್ಬಿ ಕಸಿದು ಗೂಡಿನಲ್ಲಿಟ್ಟಳು. ಆದರೂ ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಮಧ್ಯಾಹ್ನ ಅಕ್ಕ ಎದ್ದು ನಿಲ್ಲಲು ಹೋಗಿ ಗೋಡೆಗೆ ಒರಗಿದಾಗ ಆಯಿ ಹೆದರಿದಳು, ನನ್ನನ್ನೇ ಡಾಕ್ಟರನ್ನು ಕರೆಯಲು ಓಡಿಸಿದಳು.

ಬಸ್ ನಿಲ್ದಾಣದ ಹತ್ತಿರ ಇದ್ದ ಡಾಕ್ಟರು ಪಾಪ, ಉಣ್ಣುವುದನ್ನು ಬಿಟ್ಟು ಸೈಕಲ್ ಮೇಲೆ ಬಂದರು. ಬಾಗಿಲಲ್ಲೇ ಆಯಿ ಅಡ್ಡ ನಿಂತಳು.

“ಹುಡುಗಿ ಹೊರಗದಾಳ್ರಿ. ಒಳಗ ಬರಬ್ಯಾಡ್ರಿ.”

“ಏನಾಗ್ಯಾದ ಹೇಳ್ರಿ ಮತ್ತ.”

ಆಯಿ ಸೆರಗು ಬಾಯಿಗೆ ಹಿಡಿದಳು. ಎಪ್ಪತ್ತರ ಮುದುಕಿ, ಮಗನ ವಯಸ್ಸಿನ ಗಂಡಸಿನ ಮುಂದೆ ರಕ್ತ ನಿಲ್ಲುತ್ತಿಲ್ಲ ಅನ್ನುವ ಮಾತು ಬಾಯಿಂದ ಹೊರಡಲಿಲ್ಲ. ಹೊರಟಿದ್ದರೆ ಏನಾಗುತ್ತಿತ್ತೋ. “ಬಿಸಲು ಬಡದದರಿ. ತಲಿ ತಿರುಗ್ತದ,” ಅಂದಳು.

“ಭಾಳ ನೀರು ಕುಡಸ್ರಿ, ಗ್ಲೂಕೋಸ್ ಕೊಡ್ರಿ,” ಅಂದ ಅವರು ಒಂದು ಪುಡಿಯ ಡಬ್ಬಿ, ಒಂದು ಕೆಂಪು ಟಾನಿಕ್ ಕೊಟ್ಟು ಹೋದರು. ನನಗೆ ಹೇಳಬೇಕೆನಿಸಿ ಬಾಯಿ ತೆರೆದಿದ್ದೆ. ಆಯಿಯ ಉಗುರು ನನ್ನ ರಟ್ಟೆಯಲ್ಲಿ ಊರಿತ್ತು.

ಅಪ್ಪ ಅವ್ವ ಬಂದದ್ದು ಒಂದು ಮುಂಜಾನೆ, ಅದೇ ಜೀಪಿನಲ್ಲಿ. ಮೋನ್ಯಾ ಕೈಯಲ್ಲಿ ಪ್ಲಾಸ್ಟಿಕ್ ಬಸ್ಸು ಹಿಡಿದುಕೊಂಡು ನಗುತ್ತಿದ್ದ. ಅವ್ವ ಇಳಿದವಳು ಪಡಸಾಲೆಯ ಮೂಲೆ ನೋಡಿದಳು, ಅಲ್ಲೇ ಕೂತುಬಿಟ್ಟಳು. ಆಮೇಲೆ ಎದ್ದು, ಮೈಲಿಗೆ ಗೀಲಿಗೆ ನೋಡದೆ ಅಕ್ಕನನ್ನು ಬಾಚಿ ತಬ್ಬಿಕೊಂಡಳು. “ಏನ್ ಮಾಡಿದ್ರೇ ನನ್ನ ಕೂಸಿಗಿ! ಕಾಗದ ಆಗ್ಯಾಳಲ್ಲೇ!” ಒರಳ ಪಕ್ಕ ಒನಕೆ ಒರಗಿತ್ತು.

ಜೀಪನ್ನು ಅಲ್ಲಿಂದಲೇ ತಿರುಗಿಸಿದರು. ಹಿಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ಅಕ್ಕನ ತಲೆ, ನನ್ನ ತೊಡೆಯ ಮೇಲೆ ಕಾಲು. ನೀರಿನ ಚಂಬು ಹಿಡಿಯಲಿಕ್ಕೆ ಅಂತ ನನ್ನನ್ನು ಹತ್ತಿಸಿಕೊಂಡಿದ್ದರು. ಸುರಪುರ ದಾಟುವಾಗ ಡ್ರೈವರ್ ಕಾಕಾ ಕನ್ನಡಿಯಲ್ಲಿ ನೋಡಿ ಕೇಳಿದ, “ಯಕ್ಕಾ, ಇಕಿಗೂ ರಗತ ಹೊಂಟದೇನ್ರಿ, ಮೋನ್ಯಾನಂಗ?”

ಅಪ್ಪ ಹಿಂದೆ ತಿರುಗಿದ. ರಕ್ತ ನಿಲ್ಲುತ್ತಿಲ್ಲ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಗಂಡಸಿಗೆ, ತಂದೆಯೇ ಆಗಲಿ, ಹೇಳುವ ವಿಷಯವಲ್ಲ ಅದು.

“ಇಲ್ಲಪ್ಪ,” ಅಂದಳು ಅವ್ವ. “ಹೆಣ್ಣಿಗಿ ಹಂಗೇನಿಲ್ಲ. ನಿಶ್ಶಕ್ತಿ.”

ಅಕ್ಕ ಕಣ್ಣು ತೆರೆದಳು. ಅವ್ವನನ್ನೇ ನೋಡಿದಳು. ಅವಳ ತುಟಿ ಅಲುಗಿತು, ನಾನು ಬಗ್ಗಿ ಕೇಳಿಸಿಕೊಂಡೆ. “ಅವ್ವಾ, ಹೇಳ ಅವ್ವಾ. ಹೇಳಿದ್ರ ಅವರು ಮೋನ್ಯಾಗ ಏರಿಸಿದ್ದು ನನಗೂ ಏರಸ್ತಾರ.” ಅಷ್ಟು ಮಾತಾಡಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಅವ್ವ ಅವಳ ಬಾಯಿಯ ಮೇಲೆ ಮೆಲ್ಲಗೆ ಕೈ ಇಟ್ಟು, “ದವಾಖಾನ್ಯಾಗ ಹೇಳ್ತೀನಿ ನನ ಬಂಗಾರ, ಬಾಯಿಡಾಕ್ಟರ ಇದ್ರ ಹೇಳ್ತೀನಿ,” ಅಂದಳು. ಬಾಯಿಡಾಕ್ಟರ ಅಂದರೆ ಹೆಣ್ಣು ಡಾಕ್ಟರು.

ಶಹಾಪುರದ ಗುಡ್ಡ ಕಂಡಿತು, ಅದೇ, ದೂರದಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುತ್ತದಲ್ಲ, ಅದು. ಸಾಲಿಯಿಂದ ಟ್ರಿಪ್ಪಿಗೆ ಹೋದಾಗ ಅಕ್ಕನೇ ನನಗೆ ಅದರ ಮೂಗು, ಗದ್ದ ತೋರಿಸಿದ್ದಳು. “ಅಕ್ಕಾ, ನೋಡು ಗುಡ್ಡ ಬಂತು,” ಅಂದೆ. ಅವಳ ಪಾದ ನನ್ನ ತೊಡೆಯ ಮೇಲೆ ತಣ್ಣಗಿತ್ತು. ಅಂಥ ಬಿಸಿಲಲ್ಲಿ, ಜೀಪಿನ ತಗಡು ಮುಟ್ಟಿದರೆ ಸುಡುವಾಗ, ಪಾದ ತಣ್ಣಗಿತ್ತು. ಲಂಗದಿಂದ ಇಳಿದದ್ದು ಸೀಟಿನ ಕೆಳಗೆ ಹರಿದು ನನ್ನ ಚಪ್ಪಲಿಗೆ ಬಂದಿತ್ತು. ಅಪ್ಪ ಅದನ್ನು ಆಗ ಕಂಡ. ಗಂಡಸು, ಗಿರಣಿಯ ಬೆಲ್ಟು ಒಂದೇ ಕೈಯಲ್ಲಿ ಎಳೆಯುವವನು, ತಲೆ ಜಜ್ಜಿಕೊಂಡು ಅತ್ತ. “ನನಗ್ಯಾಕ ಹೇಳಲಿಲ್ಲ? ಒಂದು ಮಾತು ನನಗ್ಯಾಕ ಹೇಳಲಿಲ್ಲ?”

ಶಹಾಪುರದಲ್ಲಿ ಒಬ್ಬ ಡಾಕ್ಟರು ಜೀಪಿನ ಹತ್ತಿರವೇ ಬಂದು ನಾಡಿ ಹಿಡಿದು ನೋಡಿದರು. ಒಳಗೆ ತರುವುದು ಬೇಡ, ಮನೆಗೆ ಒಯ್ಯಿರಿ ಎಂದರು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಗಿತ್ತು ನಮ್ಮ ಜೀಪಿನ ಓಟ.

ಅಕ್ಕನನ್ನು ಹಸಿರು ಬಳೆಗಳ ಸಮೇತ ಮಣ್ಣು ಮಾಡಿದರು. ದೊಡ್ಡಾಕಿ ಆದಾಗ ಗಾಳಿ ಹೊಕ್ಕಿತು ಅಂದರು ಓಣಿಯವರು. ನಮ್ಮ ಮನೆಯವರೂ ಅದನ್ನೇ ಹಿಡಿದುಕೊಂಡರು. ಗಾಳಿಗೆ ಯಾರೂ ಜವಾಬ್ದಾರರಲ್ಲ. ಆಯಿ ಆಮೇಲೆ ಬಹಳ ವರ್ಷ ಬದುಕಿದಳು. ಒಲೆಯ ಮೇಲೆ ಎಳ್ಳು ಇಟ್ಟದ್ದನ್ನು ನಾನು ಮತ್ತೆ ಕಾಣಲಿಲ್ಲ, ಸಂಕ್ರಾಂತಿಗೂ ಇಲ್ಲ.

ಮೋನ್ಯಾ ಉಳಿದ. ನನಗೆ ಅದರ ಸಂತೋಷ ಇದೆ, ಸುಳ್ಳು ಹೇಳುವುದಿಲ್ಲ. ಒಂದು ಕಾಲು ಸೊಟ್ಟಾಗಿದೆ. ಈಗ ಯಾದಗಿರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸರ್ಕಾರಿ ದವಾಖಾನೆಯಲ್ಲಿ ಅವನಿಗೆ ಇಂಜೆಕ್ಷನ್ ಸಿಗುತ್ತದೆ. ಅವನಂಥ ಹುಡುಗರು ಆಗಾಗ ಒಂದು ಕಡೆ ಸೇರುತ್ತಾರೆ, ಚಹಾ ಕುಡಿಯುತ್ತಾರೆ, ನಿನ್ನ ಮೊಣಕಾಲು ಹೆಂಗದ, ನನ್ನ ಮೊಣಕೈ ಹಿಂಗದ ಅಂತ ಮಾತಾಡುತ್ತಾರೆ. ಅವರ ನೋವಿಗೆ ಹೆಸರಿದೆ. ಅವನು ಒಮ್ಮೆ ನನ್ನ ಮುಂದೆ, ತಲೆ ಎತ್ತದೆ, ಒಂದು ಫೋನಿನ ಸ್ಕ್ರೂ ತಿರುಗಿಸುತ್ತ ಅಂದ: “ಊರಾಗ ಇದ್ದಿದ್ದು ಒಂದ ಜೀಪ್ ನೀಲಿ. ಅದರಾಗ ನಾ ಹೋದೆ.”

ನನ್ನನ್ನು ಶಹಾಪುರಕ್ಕೆ ಕೊಟ್ಟರು. ಇಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಅಕ್ಕನಿಗೆ ಆದದ್ದು ನನಗೂ ಆಗುತ್ತಿತ್ತು, ಅಷ್ಟಲ್ಲ, ಆದರೆ ಸಾಲುವಷ್ಟು. ಗಂಡನ ಮನೆಯಲ್ಲಿ ನನಗೆ ‘ಯಾವಾಗ್ಲೂ ಹೊರಗಿರಾಕಿ’ ಅಂತ ಹೆಸರು. ಹೆರಿಗೆಯಲ್ಲಿ ರಕ್ತ ನಿಲ್ಲದೆ ಸಾಯುವುದು ಸ್ವಲ್ಪದರಲ್ಲಿ ತಪ್ಪಿತು. ಆಮೇಲೆ ಇದೇ ಗೋಳು ಅಂತ ಗರ್ಭಚೀಲ ತೆಗೆಸಿಕೋ ಅಂದರು, ನನ್ನನ್ನು ಮಲಗಿಸಿ ಅದನ್ನು ತೆಗೆದದ್ದೂ ಆಯಿತು. ಆವಾಗಲೂ ರಕ್ತ ಹೋಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದೆ. ಈ ಎಲ್ಲದರಲ್ಲಿ ಒಬ್ಬರೂ, ನಿನ್ನ ಅಣ್ಣನಿಗೇನು ರೋಗ ಅಂತ ಕೇಳಲಿಲ್ಲ. ಅವನ ದವಾಖಾನೆ ಬೇರೆ, ನನ್ನದು ಬೇರೆ. ಅವನನ್ನು ರೋಗಿ ಅಂತ ನೋಡಿಕೊಂಡರು, ನನ್ನನ್ನು ಹೆಂಗಸು ಅಂತ ಸಹಿಸಿಕೊಂಡರು.

ನನಗೆ ಒಬ್ಬಳೇ ಮಗಳು. ಈಗ ಅಕ್ಕನ ಆಗಿನ ವಯಸ್ಸಿಗೆ ಬಂದಿದ್ದಾಳೆ. ಇನ್ನೂ ಮೈ ನೆರೆದಿಲ್ಲ. ಮೊನ್ನೆ ಹಲ್ಲುಜ್ಜುವಾಗ ಅವಳ ವಸಡಿನಿಂದ ಬಂದ ರಕ್ತ ಮಧ್ಯಾಹ್ನದ ತನಕ ನಿಲ್ಲಲಿಲ್ಲ. ಮನೆಯಲ್ಲಿ ಯಾರಿಗೂ ಹೇಳದೆ ಅವಳನ್ನು ಕರೆದುಕೊಂಡು ಯಾದಗಿರಿಗೆ ಹೋದೆ. ಅಣ್ಣನ ಮನೆಯಲ್ಲಿರುವ ಅವ್ವ ತಾನೂ ಬರುತ್ತೇನೆ ಅಂತ ಹೊರಟಳು. ಅಪ್ಪ ಈಗಿಲ್ಲ. ಅವ್ವನಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು.

ಡಾಕ್ಟರು ಎಳೆಯ ವಯಸ್ಸಿನ ಹೆಣ್ಣುಮಗಳು. ನನ್ನ ಮಾತನ್ನು ಪೂರ್ತಿ ಕೇಳಿದರು. ಹೆಣ್ಣುಮಕ್ಕಳಿಗೂ ಬರುತ್ತದೆ, ರೋಗವನ್ನು ಮೈಯಲ್ಲಿ ಹೊತ್ತು ಮಕ್ಕಳಿಗೆ ದಾಟಿಸುವ ತಾಯಂದಿರಿಗೂ ರಕ್ತ ಹೋಗುತ್ತದೆ, ಕೆಲವರಿಗೆ ಬಹಳ ಹೋಗುತ್ತದೆ, ಯಾರೂ ಪರೀಕ್ಷೆ ಮಾಡಿಸುವುದಿಲ್ಲ ಅಷ್ಟೇ ಎಂದರು. ಎಷ್ಟು ಸಲೀಸಾಗಿ ಹೇಳಿಬಿಟ್ಟರು. ಆ ಪರೀಕ್ಷೆ ಇಲ್ಲಿ ಆಗುವುದಿಲ್ಲ, ಬೇರೆ ಊರಿಗೆ ಬರೆದುಕೊಡುತ್ತೇನೆ ಎಂದು ಅವ್ವನ ಕಡೆ ತಿರುಗಿ ಕೇಳಿದರು:

“ಅಜ್ಜಿ, ನಿಮ್ಮ ಮನ್ಯಾಗ ಹಿಂಗ ರಕ್ತ ಹೋಗಿ ಯಾರಾದ್ರೂ ತೀರಿಕೊಂಡಾರೇನ್ರಿ?”

“ಹೂಂನವ್ವಾ. ನಮ್ಮ ತಮ್ಮ ಒಬ್ಬಾತ.”

“ಅವರೊಬ್ಬರ ಏನು?”

“ಅವನೊಬ್ಬನ ನೋಡವ್ವಾ.”

ನಾನು ಕಾದೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆಡದ ಮಾತನ್ನು ಈಗಲಾದರೂ ಆಡಿಯಾಳು ಅಂತ ಕಾದೆ. ಎದುರಿಗೆ ಬಾಯಿಡಾಕ್ಟರೇ ಇದ್ದರು. ಗಂಡಸರು ಯಾರೂ ಇರಲಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

“ಅವ್ವಾ,” ಅಂದೆ, “ಮತ್ತ ಅಕ್ಕ?”

ಅವ್ವ ನನ್ನ ದನಿ ಬಂದ ಕಡೆ ತಿರುಗಿದಳು. ಅವಳ ಮುಖದಲ್ಲಿ ಮುಚ್ಚಿಡುವ ಭಾವ ಒಂದಿಷ್ಟೂ ಇರಲಿಲ್ಲ. ಅದೇ ನನ್ನನ್ನು ಕೊಂದದ್ದು. ಅವಳಿಗೆ ನನ್ನ ಮಾತು ನಿಜಕ್ಕೂ ಅರ್ಥವಾಗಿರಲಿಲ್ಲ.

“ಶರಣಿಗೆಲ್ಲಿ ರೋಗ ಇತ್ತವ್ವಾ?” ಅಂದಳು. “ಆಕಿ ದೊಡ್ಡಾಕಿ ಆಗಿದ್ಳಷ್ಟ.”

ಪಕ್ಕದಲ್ಲಿ ನನ್ನ ಮಗಳು ಬಾಯಿಗೆ ಕರ್ಚೀಪು ಒತ್ತಿಕೊಂಡು ನಮ್ಮಿಬ್ಬರನ್ನೂ ನೋಡುತ್ತಿದ್ದಳು.